ಗಾರ್ಬಲ್: ಮೆಣಸು ಜರಡಿಹಿಡಿಯುತ್ತಿದ್ದ ಪದ ಮಾತು ಕೆಡಿಸುವ ಪದವಾದದ್ದು ಹೇಗೆ?

ವಿಡಿಯೊಗಳ ಕೆಳಗೆ ಈಗ ಯಂತ್ರವೇ ಕೇಳಿಸಿಕೊಂಡು ಬರೆದ ಅಕ್ಷರಸಾಲು ಓಡುತ್ತಿರುತ್ತದೆ. ಮಾತಾಡಿದವರು ಹೇಳಿದ್ದು ಒಂದು, ಸಾಲಿನಲ್ಲಿ ಮೂಡುವುದು ಇನ್ನೊಂದು. ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಪೋಸ್ಟರ್ ಮಾಡಿಕೊಡಲು ಹೇಳಿದರೆ ಚಿತ್ರ ಸೊಗಸಾಗಿ ಬರುತ್ತದೆ, ಅದರ ಮೇಲಿನ ಬರಹ ಮಾತ್ರ ಎಷ್ಟೋ ಸಲ ಯಾವ ಲಿಪಿಗೂ ಸೇರದ ಗೀಚು. ಇನ್ನು ಭಾಷಣದ ಹತ್ತು ಸೆಕೆಂಡಿನ ತುಣುಕೊಂದು ಊರೆಲ್ಲ ಹರಿದಾಡಿದ ಮೇಲೆ ‘ನಾನು ಹೇಳಿದ್ದು ಹಾಗಲ್ಲ’ ಎಂಬ ಸ್ಪಷ್ಟನೆ ಬರುವುದು ದಿನನಿತ್ಯದ ಸುದ್ದಿ.

ಈ ಮೂರನ್ನೂ ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ: ಗಾರ್ಬಲ್ಡ್. ಮೊದಲಿನ ಎರಡು ಯಂತ್ರದ ಎಡವಟ್ಟು, ಮೂರನೆಯದು ಮನುಷ್ಯ ಬೇಕೆಂದೇ ಮಾಡಿದ ಕೆಲಸ. ಇವೆರಡಕ್ಕೂ ಒಂದೇ ಪದ ಹೇಗೆ ಒಗ್ಗಿತು? ಅದನ್ನು ತಿಳಿಯಲು ಆ ಪದದ ಹಿಂದಿನ ಆರೇಳು ಶತಮಾನ ತಡಕಬೇಕು. ತಡಕಿದರೆ ಸಿಗುವುದು ಒಂದು ಜರಡಿ, ಒಂದಿಷ್ಟು ಕಾಳುಮೆಣಸು, ಮತ್ತು ಕಸ ತೆಗೆದು ಚೊಕ್ಕ ಮಾಡುವುದು ಎಂಬ ಅರ್ಥ. ಇಂದಿನ ಅರ್ಥಕ್ಕೆ ತದ್ವಿರುದ್ಧ.

ಮೊದಲು, ಇವತ್ತಿನ ಅರ್ಥ

ಗಾರ್ಬಲ್ ಕ್ರಿಯಾಪದ. ಅದರಿಂದ ಬಂದ ವಿಶೇಷಣ ಗಾರ್ಬಲ್ಡ್. ನಿತ್ಯದ ಬಳಕೆಯಲ್ಲಿ ಈ ಎರಡನೆಯದೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ: ಗಾರ್ಬಲ್ಡ್ ಮೆಸೇಜ್, ಗಾರ್ಬಲ್ಡ್ ಆಡಿಯೊ, ಗಾರ್ಬಲ್ಡ್ ವರ್ಷನ್.

ಇದರೊಳಗೆ ಮೂರು ಛಾಯೆಗಳಿವೆ. ದನಿಯೋ ಅಕ್ಷರವೋ ದಾರಿಯಲ್ಲಿ ಕೆಟ್ಟು, ಏನೆಂದು ತಿಳಿಯದಂತಾಗುವುದು ಒಂದು. ಪದಗಳೆಲ್ಲ ಸ್ಪಷ್ಟವಾಗಿದ್ದರೂ ಸಂಗತಿ ಕಲಸುಮೇಲೋಗರವಾಗುವುದು ಇನ್ನೊಂದು. ಅಪಘಾತ ನೋಡಿದವನು ಹೇಳಿದ್ದನ್ನು ಕೇಳಿದವನು ಮತ್ತೊಬ್ಬನಿಗೆ ದಾಟಿಸುವಾಗ ಯಾರು ಯಾರಿಗೆ ಗುದ್ದಿದರು ಎಂಬುದೇ ಅದಲುಬದಲಾಗುತ್ತದಲ್ಲ, ಹಾಗೆ. ಮೂರನೆಯದರಲ್ಲಿ ಉದ್ದೇಶವಿರುತ್ತದೆ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು, ಬೇಡದ್ದನ್ನು ಬಿಟ್ಟು, ಹೇಳಿದವರ ಮಾತಿಗೆ ಬೇರೆಯದೇ ಅರ್ಥ ಬರುವಂತೆ ಮಾಡುವುದು. ಕನ್ನಡದ ‘ತಿರುಚು’ ಈ ಕೊನೆಯ ಛಾಯೆಗೆ ಸರಿಹೊಂದುತ್ತದೆ, ಮೊದಲಿನ ಎರಡಕ್ಕೆ ಹೊಂದುವುದಿಲ್ಲ.

ಮೂರಕ್ಕೂ ಸಮಾನವಾದ ಒಂದು ಷರತ್ತಿದೆ. ಯಾವುದಾದರೂ ಗಾರ್ಬಲ್ ಆಗಬೇಕಾದರೆ ಅದಕ್ಕೂ ಮೊದಲು ನೆಟ್ಟಗಿದ್ದ ಮೂಲವೊಂದು ಇರಲೇಬೇಕು. ಮಗು ತೊದಲುವುದನ್ನು ಇಂಗ್ಲಿಷಿನವರು ಗಾರ್ಬಲ್ಡ್ ಎನ್ನುವುದಿಲ್ಲ, ಏಕೆಂದರೆ ಆ ತೊದಲಿನ ಹಿಂದೆ ಕೆಡಲು ಒಂದು ಪೂರ್ತಿ ವಾಕ್ಯ ಇರಲಿಲ್ಲ. ಈ ಷರತ್ತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸಲೀಸು.

ಜರಡಿ ಹಿಡಿದು ಬಂದ ಪದ

ಅರಬ್ಬಿಯಲ್ಲಿ ಜರಡಿಗೆ ‘ಘಿರ್ಬಾಲ್’ ಎನ್ನುತ್ತಾರೆ. ಜರಡಿ ಹಿಡಿಯುವ ಕ್ರಿಯೆಗೆ ‘ಘರ್ಬಲ’. ಮಧ್ಯಯುಗದಲ್ಲಿ ಪೂರ್ವದ ಸಂಬಾರ ಪದಾರ್ಥಗಳು ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯದಂಥ ಬಂದರುಗಳಲ್ಲಿ ಅರಬ್ಬಿ ಮಾತಾಡುವ ವರ್ತಕರ ಕೈಯಿಂದ ವೆನಿಸ್, ಜಿನೋವಾಗಳ ವರ್ತಕರ ಕೈಗೆ ಹೋಗುತ್ತಿದ್ದವು. ಸರಕಿನ ಜೊತೆಗೆ ಸರಕಿನ ಮಾತೂ ದಾಟಿತು. ಇಟಲಿಯಲ್ಲಿ ಅದು ‘ಗಾರ್ಬೆಲ್ಲಾರೆ’ ಆಯಿತು. ಅಲ್ಲಿಂದ ಇಂಗ್ಲೆಂಡಿನ ವ್ಯಾಪಾರಿಗಳು, ವಕೀಲರು ಬಳಸುತ್ತಿದ್ದ ಫ್ರೆಂಚ್ ರೂಪದ ಮೂಲಕ 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದು ನೆಲೆನಿಂತಿತು. ಆಗ ಅದರ ಅರ್ಥ ಒಂದೇ: ಸಂಬಾರ ಪದಾರ್ಥವನ್ನು ಪರೀಕ್ಷಿಸಿ ಕಸಕಡ್ಡಿ ತೆಗೆಯುವುದು.

ವ್ಯಾಪಾರದ ಈ ಹಾದಿಯಲ್ಲಿ ಬಂದ ಪದ ಇದೊಂದೇ ಅಲ್ಲ. ಸುಂಕದ ಪಟ್ಟಿಗೆ ಹೇಳುವ ಟ್ಯಾರಿಫ್ ಅರಬ್ಬಿಯ ‘ತಅರೀಫ್’ನಿಂದ ಬಂದದ್ದು. ತಿಳಿಯಪಡಿಸುವುದು ಎಂದು ಅದರ ಅರ್ಥ. ನಾವು ಹೊಗಳಿಕೆಗೆ ಹೇಳುವ ತಾರೀಫು ಕೂಡ ಅದೇ ಪದ, ಬೇರೆ ದಾರಿಯಲ್ಲಿ ಬಂದದ್ದು. ಉಗ್ರಾಣ ಎಂಬರ್ಥದ ಅರಬ್ಬಿ ಪದವೇ ಇಂದಿನ ಮ್ಯಾಗಜೀನ್.

ಅರಬ್ಬಿಗೆ ಘಿರ್ಬಾಲ್ ಎಲ್ಲಿಂದ ಬಂತು ಎಂದು ಕೆದಕಿದರೆ ಇನ್ನೊಂದು ಸ್ವಾರಸ್ಯ. ಲ್ಯಾಟಿನ್‌ನಲ್ಲಿ ಜರಡಿಗೆ ‘ಕ್ರಿಬ್ರಮ್’, ಸಣ್ಣ ಜರಡಿಗೆ ‘ಕ್ರಿಬೆಲ್ಲುಮ್’. ಅರಬ್ಬಿಯ ಪದ ಬಹುಮಟ್ಟಿಗೆ ಈ ಎರಡನೆಯದರಿಂದಲೇ ಹುಟ್ಟಿದ್ದು ಎಂಬುದು ಪದಗಳ ಮೂಲ ಹುಡುಕುವ ನಿರುಕ್ತಕಾರರ ಊಹೆ. ಅದು ನಿಜವಾದರೆ ಲ್ಯಾಟಿನ್ನಿನ ಪದವೊಂದು ಅರಬ್ಬರ ಮನೆಗೆ ಹೋಗಿ, ವೇಷ ಬದಲಿಸಿಕೊಂಡು, ಲ್ಯಾಟಿನ್ನಿನ ಮಗಳಾದ ಇಟಾಲಿಯನ್ನಿಗೆ ಪರದೇಶಿಯಂತೆ ಮರಳಿತು. ಇಟಾಲಿಯನ್ನಿನಲ್ಲಿ ಅದೇ ಮೂಲದಿಂದ ನೇರವಾಗಿ ಇಳಿದು ಬಂದ ‘ಕ್ರಿವೆಲ್ಲೊ’ ಎಂಬ ಪದವೂ ಇದೆ. ಅದರ ಅರ್ಥವೂ ಜರಡಿಯೇ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಗುರುತು ಹಿಡಿಯಲಿಲ್ಲ.

ಕ್ರಿಬ್ರಮ್‌ನ ಬೇರು ಇನ್ನೂ ಆಳದ್ದು. ಬೇರ್ಪಡಿಸು, ವಿಂಗಡಿಸು ಎಂಬ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತುವಿನಿಂದ ಅದು ಹೊರಟಿದೆ. ಗ್ರೀಕಿನ ದಾರಿಯಲ್ಲಿ ಅದೇ ಧಾತು ಕ್ರೈಸಿಸ್, ಕ್ರಿಟಿಕ್ ಪದಗಳನ್ನು ಕೊಟ್ಟಿತು, ಲ್ಯಾಟಿನ್ ದಾರಿಯಲ್ಲಿ ಡಿಸರ್ನ್, ಸರ್ಟನ್, ಸೀಕ್ರೆಟ್‌ಗಳನ್ನು. ನಿರ್ಣಯಿಸುವುದು, ಖಚಿತವಾಗುವುದು, ಬೇರೆಯಾಗಿ ಎತ್ತಿಡುವುದು ಎಲ್ಲವೂ ಮೂಲದಲ್ಲಿ ವಿಂಗಡಿಸುವ ಕೆಲಸವೇ. ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುವ ಕೈಕೆಲಸದಿಂದ ಬುದ್ಧಿಯ ಕೆಲಸಕ್ಕೆ ಹೆಸರು ಸಿಕ್ಕಿತು. ಅಂಥ ಗಣ್ಯ ಬಂಧುಗಳ ನಡುವೆ ಗಾರ್ಬಲ್ ಒಂದೇ ದಾರಿ ತಪ್ಪಿದ್ದು.

ಲಂಡನ್ನಿನ ಗಾರ್ಬ್ಲರ್

ಮಧ್ಯಯುಗದ ಲಂಡನ್ನಿನಲ್ಲಿ ಮೆಣಸು ಮಾರುವವರಿಗೆ ಪೆಪ್ಪರರ್ ಎಂದೇ ಹೆಸರು. 1180ರಲ್ಲಿಯೇ ಅವರದೊಂದು ಸಂಘವಿತ್ತು, ರಾಜನ ಅಪ್ಪಣೆಯಿಲ್ಲದೆ ನಡೆಸುತ್ತಿದ್ದುದಕ್ಕೆ ದಂಡ ತೆತ್ತ ದಾಖಲೆಯಿಂದ ಅದು ಗೊತ್ತಾಗುತ್ತದೆ. 1345ರಲ್ಲಿ ಸೋಪರ್ ಲೇನ್ ಎಂಬ ಬೀದಿಯ 22 ಮಂದಿ ಮೆಣಸಿನ ವ್ಯಾಪಾರಿಗಳು ಸೇರಿ ಕಟ್ಟಿಕೊಂಡ ಕೂಟವೇ ಮುಂದೆ ಗ್ರೋಸರ್ಸ್ ಕಂಪನಿ ಎಂಬ ಪ್ರಬಲ ಸಂಘವಾಯಿತು. ‘ಗ್ರೋಸ್’ ಎಂದರೆ ಸಗಟು. ಸಗಟಿನಲ್ಲಿ ಕೊಂಡು ಮಾರುವವನು ಗ್ರೋಸರ್. ಇಂದು ಕಿರಾಣಿ ಅಂಗಡಿಯವನಿಗೆ ಆ ಹೆಸರು ಹೋಗಿರುವುದು ಇನ್ನೊಂದು ತಮಾಷೆ.

ಅಂದಿನ ಮೆಣಸಿನ ಚೀಲ ಮಲಬಾರಿನಿಂದ ಲಂಡನ್ ತಲುಪುವ ಹೊತ್ತಿಗೆ ಎಷ್ಟೋ ಕೈ ದಾಟಿರುತ್ತಿತ್ತು. ಮಾರುವುದು ತೂಕದ ಲೆಕ್ಕದಲ್ಲಿ. ಹಾಗಿರುವಾಗ ಪ್ರತಿಯೊಂದು ಕೈಗೂ ಒಂದೇ ಆಸೆ: ಒಂದಿಷ್ಟು ತೊಟ್ಟು, ಧೂಳು, ಜೊಳ್ಳು ಕಾಳು, ಕಲ್ಲು ಒಳಗೇ ಉಳಿದರೆ ಅದಕ್ಕೂ ಮೆಣಸಿನ ಬೆಲೆ. ಕೊಳ್ಳುವವನು ಚೀಲದ ತಳದವರೆಗೆ ಕೈಹಾಕಿ ನೋಡಲಾರ. ಆದ್ದರಿಂದ ಮಾರುವವನೂ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ಬೇಕಾಯಿತು.

ಆ ಮೂರನೆಯವನೇ ಗಾರ್ಬ್ಲರ್. ಲಂಡನ್ ನಗರದ ಬಹಳ ಹಳೆಯ ಹುದ್ದೆಗಳಲ್ಲಿ ಇದೂ ಒಂದು. ಯಾವ ಅಂಗಡಿಗಾದರೂ, ಯಾವ ಉಗ್ರಾಣಕ್ಕಾದರೂ ನುಗ್ಗಿ ಅಲ್ಲಿನ ಸಂಬಾರ ಪದಾರ್ಥವನ್ನೂ ಔಷಧದ ಸರಕನ್ನೂ ಪರೀಕ್ಷಿಸುವ, ಜರಡಿ ಹಿಡಿಸಿ ಚೊಕ್ಕ ಮಾಡಿಸುವ ಅಧಿಕಾರ ಅವನಿಗಿತ್ತು ಎಂದು ಹಳೆಯ ಕಾನೂನು ನಿಘಂಟುಗಳು ಹೇಳುತ್ತವೆ. ಒಂದನೇ ಜೇಮ್ಸ್ ಪಟ್ಟಕ್ಕೆ ಬಂದ ಹೊಸದರಲ್ಲಿ ಸಂಸತ್ತು ‘ಸಂಬಾರ ಪದಾರ್ಥಗಳನ್ನು ಸರಿಯಾಗಿ ಗಾರ್ಬಲ್ ಮಾಡುವ’ ಕುರಿತೇ ಒಂದು ಕಾಯ್ದೆ ಮಾಡಿತು. ಇಂದಿನ ಕಿವಿಗೆ ನಗು ಬರಿಸುವ ಹೆಸರು. ಸರಿಯಾಗಿ ಕೆಡಿಸುವ ಕಾಯ್ದೆ ಎಂದ ಹಾಗಾಗುತ್ತದೆ. ಆ್ಯನ್ ರಾಣಿಯ ಕಾಲದಲ್ಲಿ, 1707ರಲ್ಲಿ, ಆ ಕಾಯ್ದೆಯನ್ನು ತೆಗೆದುಹಾಕಿದರು.

ಹೀಗೆ ಸುಮಾರು ಮುನ್ನೂರು ವರ್ಷ ಇಂಗ್ಲಿಷಿನಲ್ಲಿ ಗಾರ್ಬಲ್ಡ್ ಎಂದರೆ ನಂಬಿ ಕೊಳ್ಳಬಹುದಾದದ್ದು ಎಂದೇ ಅರ್ಥ. ಜರಡಿಯಿಂದ ಹೊರಬಿದ್ದ ಕಸಕ್ಕೂ ಅದೇ ಪದದಿಂದ ಗಾರ್ಬಲ್ಸ್, ಗಾರ್ಬ್ಲಿಂಗ್ಸ್ ಎಂಬ ಹೆಸರುಗಳು ಹುಟ್ಟಿದವು. ಅಂದರೆ ಶುದ್ಧಿ ಮಾಡುವುದೂ ಗಾರ್ಬಲ್, ಶುದ್ಧಿಯಾದಾಗ ಉಳಿದ ಕೊಳೆಯೂ ಗಾರ್ಬಲ್. ಪದದ ಮುಂದಿನ ಗತಿಗೆ ಈ ಇಬ್ಬಂದಿತನವೂ ಸ್ವಲ್ಪ ಕಾರಣವಾಗಿರಬಹುದು ಎಂದು ನನಗನಿಸುತ್ತದೆ. ಗಾರ್ಬೇಜ್ ಎಂಬ ಪದವನ್ನೇ ನೋಡಿ. ಮೊದಲು ಅದರ ಅರ್ಥ ಕೋಳಿಯ ಕರುಳು, ತಲೆ, ಕಾಲುಗಳಂಥ ಭಾಗಗಳು. ಅದು ಎಲ್ಲ ಬಗೆಯ ಕಸಕ್ಕೂ ಹರಡಿಕೊಂಡದ್ದರಲ್ಲಿ ಗಾರ್ಬಲ್‌ನ ಪ್ರಭಾವ ಇದೆ ಎಂದು ನಿರುಕ್ತಕಾರರು ಹೇಳುತ್ತಾರೆ.

ಆರಿಸುವುದು ಅಪರಾಧವಾದ ಬಗೆ

15ನೇ ಶತಮಾನದ ಕೊನೆಯ ಹೊತ್ತಿಗೇ ಪದ ಸಂಬಾರದ ಅಂಗಡಿಯಿಂದ ಹೊರಗೆ ಕಾಲಿಟ್ಟಿತ್ತು. ಏನನ್ನೇ ಆಗಲಿ ಒಳ್ಳೆಯದನ್ನು ಆರಿಸಿ ತೆಗೆಯುವುದಕ್ಕೆ ಗಾರ್ಬಲ್ ಎನ್ನತೊಡಗಿದರು. ಮುಂದೆ ಮನುಷ್ಯರಿಗೂ ಅನ್ವಯವಾಯಿತು. ಸೈನ್ಯದಿಂದ, ನ್ಯಾಯಪೀಠದಿಂದ, ಸಭೆಗಳಿಂದ ಒಗ್ಗದವರನ್ನು ಕಿತ್ತುಹಾಕುವುದು ಕೂಡ ಗಾರ್ಬಲ್.

ತಿರುವು ಇರುವುದು ಇಲ್ಲಿಯೇ. ಮೆಣಸಿನಲ್ಲಿ ಯಾವುದು ಕಾಳು, ಯಾವುದು ಕಸ ಎಂಬ ಬಗ್ಗೆ ಯಾರಿಗೂ ತಕರಾರಿಲ್ಲ. ಸೈನ್ಯದಲ್ಲಿ? ಕಿತ್ತುಹಾಕಿದವನ ಕಣ್ಣಿಗೆ ಅದು ಶುದ್ಧಿ, ಕಿತ್ತುಹಾಕಿಸಿಕೊಂಡವರ ಕಣ್ಣಿಗೆ ತನ್ನವರನ್ನಷ್ಟೇ ಉಳಿಸಿಕೊಳ್ಳುವ ಹುನ್ನಾರ. ಕೈಯಲ್ಲಿರುವ ಜರಡಿ ಅದೇ, ಆಡಿಸುವ ರೀತಿ ಅದೇ. ಕಸ ಯಾವುದೆಂದು ತೀರ್ಮಾನಿಸುವವನಿಗೆ ಈಗ ಸ್ವಂತ ಲಾಭವಿದೆ, ಅಷ್ಟೇ ವ್ಯತ್ಯಾಸ.

ಬರಹಕ್ಕೂ ಮಾತಿಗೂ ಈ ಪದ ತಗುಲಿಕೊಂಡದ್ದು 1680ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ ಆಗ ಕ್ಯಾಥೊಲಿಕ್ಕರಿಗೂ ಪ್ರಾಟೆಸ್ಟೆಂಟರಿಗೂ ಕಾವೇರಿದ ವಾಗ್ವಾದ ನಡೆಯುತ್ತಿತ್ತು. ಕವಿ ಜಾನ್ ಡ್ರೈಡನ್ 1687ರ ತನ್ನ ದೀರ್ಘ ಕವಿತೆಯೊಂದರಲ್ಲಿ ಎದುರು ಪಕ್ಷದವರನ್ನು ಚುಚ್ಚುವಾಗ ಗಾರ್ಬಲ್ ಎಂದೇ ಬಳಸಿದ್ದಾನೆ. ಹಿಂದಿನ ಧರ್ಮಗುರುಗಳ ಮಾತುಗಳನ್ನು ಒಪ್ಪುತ್ತೇವೆ ಎನ್ನುತ್ತೀರಿ, ಆದರೆ ಕೆಲವನ್ನು ಗಾರ್ಬಲ್ ಮಾಡುತ್ತೀರಿ, ಕೆಲವನ್ನು ಪೂರ್ತಿ ಕೈಬಿಡುತ್ತೀರಿ ಎಂಬುದು ಅವನ ಆರೋಪದ ತಾತ್ಪರ್ಯ. ಆರಿಸಿಕೊಳ್ಳುವುದೇ ಇಲ್ಲಿ ಅಪ್ರಾಮಾಣಿಕತೆ.

ಹಾಗೆಂದು ಹಳೆಯ ಅರ್ಥ ಕೂಡಲೇ ಸಾಯಲಿಲ್ಲ. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ಹೆಸರಾಂತ ನಿಘಂಟು ಗಾರ್ಬಲ್‌ಗೆ ಜರಡಿ ಹಿಡಿ, ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸು ಎಂದೇ ಅರ್ಥ ಕೊಡುತ್ತದೆ. ಎರಡೂ ಅರ್ಥಗಳು ಒಂದೇ ಸೂರಿನಡಿ ತಲೆಮಾರುಗಟ್ಟಲೆ ಬಾಳಿದವು.

ಎರಡು ಅರ್ಥಗಳಿಗೂ ನಡುವಿನ ಸೇತುವೆ ಹೇಗಿತ್ತೆಂದು ನೋಡಬೇಕಾದರೆ ನಾಣ್ಯದ ಉದಾಹರಣೆಗಿಂತ ಒಳ್ಳೆಯದಿಲ್ಲ. ಚಿನ್ನದ ನಾಣ್ಯಗಳು ಚಲಾವಣೆಯಲ್ಲಿದ್ದ ಕಾಲದಲ್ಲಿ ಕೈಯಿಂದ ಕೈಗೆ ಸವೆದು ಹಳೆಯವು ಹಗುರವಾಗುತ್ತಿದ್ದವು, ಹೊಸವು ಪೂರ್ತಿ ತೂಗುತ್ತಿದ್ದವು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಕರಗಿಸಿದರೆ ಮಾತ್ರ ಹೊಸದಕ್ಕೆ ಹೆಚ್ಚು ಚಿನ್ನ. ಇದನ್ನು ಬಲ್ಲ ಕೆಲವರು ರಾಶಿಯಿಂದ ಭಾರವಾದ ಹೊಸ ನಾಣ್ಯಗಳನ್ನು ಹೆಕ್ಕಿ ಮೂಸೆಗೆ ಹಾಕುತ್ತಿದ್ದರು, ಸವೆದವನ್ನು ಮತ್ತೆ ಪೇಟೆಗೆ ಬಿಡುತ್ತಿದ್ದರು. ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1875ರ ತನ್ನ ಹಣದ ಕುರಿತ ಪುಸ್ತಕದಲ್ಲಿ ಈ ದಂಧೆಗೆ ಕಸುಬಿನವರು ಹೇಳುವ ಹೆಸರನ್ನು ದಾಖಲಿಸುತ್ತಾನೆ: ನಾಣ್ಯವನ್ನು ಗಾರ್ಬಲ್ ಮಾಡುವುದು.

ಹೆಕ್ಕುವವನ ದೃಷ್ಟಿಯಲ್ಲಿ ಇದು ಅಪ್ಪಟ ಹಳೆಯ ಅರ್ಥ, ಒಳ್ಳೆಯದನ್ನು ಆರಿಸಿಕೊಳ್ಳುವುದು. ಉಳಿದ ಲೋಕದ ಪಾಲಿಗೆ ಬರುವುದು ಮಾತ್ರ ಬರಿಯ ಸವಕಲು. ಲಂಡನ್ನಿನ ಗಾರ್ಬ್ಲರ್ ಚೊಕ್ಕವಾದದ್ದನ್ನು ಪೇಟೆಗೆ ಬಿಟ್ಟು ಕಸವನ್ನು ತೆಗೆಯುತ್ತಿದ್ದ. ನಾಣ್ಯದವನು ಚೊಕ್ಕವಾದದ್ದನ್ನು ಇಟ್ಟುಕೊಂಡು ಕಸವನ್ನು ಪೇಟೆಗೆ ಬಿಟ್ಟ.

ಬಾಲ ಕತ್ತರಿಸಿದ ವಾಕ್ಯ

ಮಾತಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ವೈದ್ಯರೊಬ್ಬರು ಹೇಳುತ್ತಾರೆ: ‘ಈ ಔಷಧಿ ಮಕ್ಕಳಿಗೆ ಸುರಕ್ಷಿತ ಎನ್ನುವುದಕ್ಕೆ ಪುರಾವೆ ಇಲ್ಲ.’ ಯಾರೋ ಅದರ ಮೊದಲ ನಾಲ್ಕು ಪದಗಳನ್ನಷ್ಟೇ ಉಳಿಸಿ ಹಂಚುತ್ತಾರೆ: ‘ಈ ಔಷಧಿ ಮಕ್ಕಳಿಗೆ ಸುರಕ್ಷಿತ.’ ಸೇರಿಸಿದ್ದು ಒಂದಕ್ಷರವೂ ಇಲ್ಲ. ದನಿ ವೈದ್ಯರದ್ದೇ, ಮುಖ ಅವರದ್ದೇ. ಸುಳ್ಳನ್ನು ಹುಟ್ಟಿಸಿದ್ದು ಬರಿಯ ತೆಗೆಯುವಿಕೆ.

ಕನ್ನಡದ ವಾಕ್ಯರಚನೆಯೇ ಇಂಥವರಿಗೆ ಅನುಕೂಲ ಮಾಡಿಕೊಡುತ್ತದೆ. ನಮ್ಮಲ್ಲಿ ‘ಇಲ್ಲ’, ‘ಅಲ್ಲ’, ‘ಬೇಡ’, ‘ಎಂದು ಅವರು ಆರೋಪಿಸಿದರು’ ಎಲ್ಲವೂ ವಾಕ್ಯದ ಕೊನೆಗೆ ಬರುತ್ತವೆ. ಬಾಲ ಕತ್ತರಿಸಿದರೆ ಸಾಕು, ಅರ್ಥ ಮಗುಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದೇ ಮಾತು ‘ಪುರಾವೆ ಇಲ್ಲ’ ಎಂಬುದರಿಂದ ಶುರುವಾಗುವುದರಿಂದ ಅಲ್ಲಿ ಕತ್ತರಿ ಬೀಳಬೇಕಾದದ್ದು ತಲೆಗೆ. ತುಣುಕು ನೋಡಿ ಅನುಮಾನ ಬಂದಾಗ ಕನ್ನಡದಲ್ಲಿ ಮೊದಲು ಹುಡುಕಬೇಕಾದದ್ದು ಅದರ ಮುಂದಿನ ಎರಡು ಸೆಕೆಂಡು.

ಗಾರ್ಬಲ್ ಮಾಡಿದ ಉಲ್ಲೇಖ ಬೇರೆ, ಕಟ್ಟುಕಥೆಯ ಉಲ್ಲೇಖ ಬೇರೆ. ಹೇಳದ್ದನ್ನು ಹೇಳಿದರು ಎನ್ನುವುದು ಇಂಗ್ಲಿಷಿನಲ್ಲಿ ಫ್ಯಾಬ್ರಿಕೇಷನ್. ಹೇಳಿದ್ದರಲ್ಲೇ ಆರಿಸಿ ಅರ್ಥ ಕೆಡಿಸುವುದು ಗಾರ್ಬಲ್. ಎರಡನೆಯದನ್ನು ಹಿಡಿಯುವುದು ಕಷ್ಟ, ಏಕೆಂದರೆ ತುಣುಕಿನಲ್ಲಿರುವ ಪ್ರತಿಯೊಂದು ಪದವೂ ಅಸಲಿ.

ಒಂದು ಚುಕ್ಕೆ ಹೆಚ್ಚಾದದ್ದಕ್ಕೆ

ಇದುವರೆಗಿನ ಅರ್ಥಗಳಲ್ಲಿ ಆರಿಸುವ ಮನುಷ್ಯನೊಬ್ಬ ಇದ್ದ. ತಂತಿಯ ಕಾಲದಲ್ಲಿ ಅವನು ಮರೆಯಾದ. ಸಂದೇಶ ಯಾರ ದುರುದ್ದೇಶವೂ ಇಲ್ಲದೆ ದಾರಿಯಲ್ಲಿಯೇ ಕೆಡತೊಡಗಿತು.

1887ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಉಣ್ಣೆ ವ್ಯಾಪಾರಿ ಪ್ರಿಮ್‌ರೋಸ್ ಕ್ಯಾನ್ಸಸ್‌ನಲ್ಲಿದ್ದ ತನ್ನ ಏಜೆಂಟನಿಗೆ ತಂತಿ ಕಳಿಸಿದ. ಖರ್ಚು ಉಳಿಸಲು, ಗುಟ್ಟು ಕಾಯಲು ಅವರಿಬ್ಬರ ನಡುವೆ ಖಾಸಗಿ ಸಂಕೇತ ಪದಗಳಿದ್ದವು. ‘ಬೇ’ ಎಂದರೆ ‘ನಾನು ಕೊಂಡಿದ್ದೇನೆ’. ‘ಕ್ವೊ’ ಎಂದರೆ ಐದು ಲಕ್ಷ ಪೌಂಡು ಉಣ್ಣೆ. ತಾನು ಐದು ಲಕ್ಷ ಪೌಂಡು ಕೊಂಡಾಗಿದೆ ಎಂದು ತಿಳಿಸುವುದಷ್ಟೇ ಅವನ ಉದ್ದೇಶ. ತಂತಿ ತಲುಪುವಾಗ ಬೇ ಹೋಗಿ ‘ಬೈ’ ಆಗಿತ್ತು, ಅಂದರೆ ‘ಕೊಳ್ಳು’. ಇಂಗ್ಲಿಷಿನಲ್ಲಿ ಈ ಎರಡು ಪದಗಳಿಗೂ ಇರುವ ವ್ಯತ್ಯಾಸ ನಡುವಿನ ಒಂದು ಅಕ್ಷರ. ಒಂದರಲ್ಲಿ ಎ, ಇನ್ನೊಂದರಲ್ಲಿ ಯು. ಮೋರ್ಸ್ ಸಂಕೇತದಲ್ಲಿ ಎ ಎಂದರೆ ಒಂದು ಚುಕ್ಕೆ, ಒಂದು ಗೆರೆ. ಯು ಎಂದರೆ ಎರಡು ಚುಕ್ಕೆ, ಒಂದು ಗೆರೆ. ಏಜೆಂಟ್ ಅಪ್ಪಣೆಯಂತೆ ಕೊಳ್ಳಲು ಶುರುಮಾಡಿದ. ತಪ್ಪು ಗೊತ್ತಾಗುವ ಹೊತ್ತಿಗೆ ಮೂರು ಲಕ್ಷ ಪೌಂಡು ಉಣ್ಣೆ ಕೊಂಡಾಗಿತ್ತು.

ಪ್ರಿಮ್‌ರೋಸ್‌ಗೆ ಆದ ನಷ್ಟ 20,000 ಡಾಲರಿಗೂ ಮಿಗಿಲು. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಮೇಲೆ ದಾವೆ ಹೂಡಿದ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೆಚ್ಚಿನ ಶುಲ್ಕ ಕೊಟ್ಟು ಸಂದೇಶವನ್ನು ಮರಳಿ ಓದಿಸಿ ಖಚಿತಪಡಿಸಿಕೊಳ್ಳುವ ಸೌಲಭ್ಯ ಇತ್ತು, ಅದನ್ನು ಅವನು ಬಳಸಿರಲಿಲ್ಲ. ಹಾಗಾಗಿ ತಂತಿ ಕಳಿಸಲು ಕೊಟ್ಟ 1.15 ಡಾಲರ್ ಮಾತ್ರ ಅವನಿಗೆ ಸಲ್ಲುತ್ತದೆ ಎಂದು 1894ರಲ್ಲಿ ತೀರ್ಪಾಯಿತು.

ಇಂಥ ತಪ್ಪಿಗೆ ಸಂಕೇತಲಿಪಿಯ ಕಸುಬಿನವರು ಗಾರ್ಬಲ್ ಎಂದೇ ಹೆಸರಿಟ್ಟರು. ಬರೆಯುವಾಗ, ಕಳಿಸುವಾಗ, ಬಿಡಿಸುವಾಗ ಅಕ್ಷರ ಕೆಟ್ಟರೆ ಅದು ಗಾರ್ಬಲ್. ಅದನ್ನು ತಡೆಯಲು ಅವರು ಕಂಡುಕೊಂಡ ಉಪಾಯ ಜಾಣತನದ್ದು: ಪಟ್ಟಿಯಲ್ಲಿರುವ ಯಾವ ಎರಡು ಸಂಕೇತ ಪದಗಳ ನಡುವೆಯೂ ಕನಿಷ್ಠ ಎರಡು ಅಕ್ಷರಗಳ ವ್ಯತ್ಯಾಸ ಇರುವಂತೆ ನೋಡಿಕೊಳ್ಳುವುದು. ಆಗ ಒಂದು ಅಕ್ಷರ ಕೆಟ್ಟರೆ ಸಿಗುವ ಪದ ಪಟ್ಟಿಯಲ್ಲೇ ಇರುವುದಿಲ್ಲ, ಏನೋ ಎಡವಟ್ಟಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಬೇ ಮತ್ತು ಬೈ ಒಂದೇ ಪಟ್ಟಿಯಲ್ಲಿ ಕೂರುವ ಅಪಾಯವೇ ಇರುವುದಿಲ್ಲ. ಇಂದಿನ ಡಿಜಿಟಲ್ ಸಂದೇಶಗಳಲ್ಲಿ ತಪ್ಪು ಪತ್ತೆಹಚ್ಚುವ ವಿಧಾನಗಳ ಹಿಂದಿರುವ ತತ್ವವೂ ಇದೇ.

ತೆರೆಯ ಮೇಲಿನ ಚಿಹ್ನೆಗಳ ಸಂತೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅಂತರ್ಜಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಪದ್ಧತಿ ಅದನ್ನು 224, 178, 149 ಎಂಬ ಮೂರು ಸಣ್ಣ ಸಂಖ್ಯೆಗಳಾಗಿ ಮಾಡಿ ಉಳಿಸುತ್ತದೆ. ಓದುವ ತಂತ್ರಾಂಶಕ್ಕೆ ಈ ಪದ್ಧತಿ ಯಾವುದೆಂದು ತಿಳಿಯದೆ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ವಿಂಡೋಸ್ ಪಟ್ಟಿಯನ್ನು ಹಿಡಿದು ಓದಿದರೆ ಮೂರೂ ಬಿಡಿ ಅಕ್ಷರಗಳಾಗುತ್ತವೆ: ನೆತ್ತಿಯ ಮೇಲೆ ಓರೆಗೆರೆ ಇರುವ ಎ, ವರ್ಗಸಂಖ್ಯೆಗೆ ಹಾಕುವ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ. ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಶುರುವಾಗುವುದರಿಂದ ತೆರೆಯ ತುಂಬ ಆ ಓರೆಗೆರೆಯ ಎ ಸಾಲುಗಟ್ಟುತ್ತದೆ. ಇಂಥ ಗಾರ್ಬಲ್ಡ್ ಬರಹಕ್ಕೆ ಜಪಾನಿಯರು ‘ಮೊಜಿಬಾಕೆ’ ಎನ್ನುತ್ತಾರೆ, ರೂಪ ಬದಲಿಸಿದ ಅಕ್ಷರ ಎಂದರ್ಥ. ಈಗ ಆ ಪದ ಜಗತ್ತಿನ ಎಲ್ಲ ತಂತ್ರಜ್ಞರ ಬಾಯಲ್ಲೂ ಇದೆ.

ಸಮಾಧಾನದ ಸಂಗತಿ ಎಂದರೆ ಇಲ್ಲಿ ಏನೂ ಕಳೆದುಹೋಗಿಲ್ಲ. ಮೂರು ಸಂಖ್ಯೆಗಳೂ ಹಾಗೇ ಇವೆ. ಸರಿಯಾದ ಪದ್ಧತಿ ಆರಿಸಿ ತೆರೆದರೆ ಕನ್ನಡ ಮರಳಿ ಬರುತ್ತದೆ.

ಫೋನಿನ ದನಿಯ ವಿಷಯ ಹಾಗಲ್ಲ. ಇಂಟರ್ನೆಟ್ ಕರೆಯಲ್ಲಿ ನಮ್ಮ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸಲಾಗುತ್ತದೆ. ಕೆಲವು ತುಂಡು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಆ್ಯಪ್ ಕಾಯುವುದಿಲ್ಲ, ಹಿಂದಿನ ತುಂಡಿನ ಸದ್ದನ್ನೇ ಎಳೆದು ಖಾಲಿ ಜಾಗ ತುಂಬುತ್ತದೆ. ರೋಬೊ ಮಾತಾಡಿದಂತೆ ಕೇಳಿಸುವುದು ಆಗಲೇ. ಹಳೆಯ ತಂತಿ ದೂರವಾಣಿಯಲ್ಲಿ ತೊಂದರೆ ಬೇರೆಯಿತ್ತು. ಅದು ದಾಟಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ. ಸ, ಶ, ಫದಂಥ ವ್ಯಂಜನಗಳ ಗುರುತು ಬಹಳಷ್ಟು ಅದಕ್ಕಿಂತ ಮೇಲಿನ ಕಂಪನಗಳಲ್ಲಿರುತ್ತದೆ. ಸ್ವರಗಳು ಗಟ್ಟಿಯಾಗಿ ಕೇಳಿಸುತ್ತವೆ, ಆದರೆ ಪದವನ್ನು ಪದದಿಂದ ಬೇರೆ ಮಾಡುವ ವ್ಯಂಜನಗಳು ನಶಿಸುತ್ತವೆ. ಹೆಸರಿನ ಅಕ್ಷರಗಳನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಬಿಡಿಸಿ ಹೇಳುವ ವಿಮಾನಯಾನದ ಪದ್ಧತಿ ಹುಟ್ಟಿದ್ದು ಇಂಥ ತೊಡಕಿಗೆ ಉತ್ತರವಾಗಿ. ಇಂದಿನ ರೂಪದಲ್ಲಿ ಅದು 1956ರಿಂದ ಜಾರಿಯಲ್ಲಿದೆ.

ಬಾಯಿಯೋ ಮೆದುಳೋ

ಆಸ್ಪತ್ರೆಯ ಇಂಗ್ಲಿಷಿನಲ್ಲಿ ಗಾರ್ಬಲ್ಡ್ ಸ್ಪೀಚ್ ಎಂಬುದಕ್ಕೆ ತೂಕ ಹೆಚ್ಚು. ಅದರ ಪಕ್ಕದಲ್ಲಿಯೇ ಸ್ಲರ್ಡ್ ಸ್ಪೀಚ್ ಎಂಬುದೂ ಬರುತ್ತದೆ. ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳು ಹಿಡಿತ ತಪ್ಪಿ ಉಚ್ಚಾರ ಜಾರಿದರೆ ಅದು ಸ್ಲರ್. ಅಲ್ಲಿ ಪದಗಳ ಆಯ್ಕೆ ಸರಿಯಾಗಿಯೇ ಇರುತ್ತದೆ. ಪದಗಳೇ ಅದಲುಬದಲಾಗಿ, ಇಲ್ಲದ ಪದಗಳು ಹುಟ್ಟಿ, ಮಾತು ಸರಾಗವಾಗಿ ಹರಿದರೂ ಅರ್ಥ ಕೂಡದಿದ್ದರೆ ತೊಂದರೆ ಇರುವುದು ಮೆದುಳಿನ ಭಾಷೆಯ ಭಾಗದಲ್ಲಿ. ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ 1874ರಲ್ಲಿ ಇಂಥ ಸ್ಥಿತಿಯನ್ನು ವಿವರಿಸಿದ್ದರಿಂದ ಅದಕ್ಕೆ ವೆರ್ನಿಕೆ ಅಫೇಸಿಯ ಎಂಬ ಹೆಸರಿದೆ. ಹಾಗೆ ಮಾತಾಡುವವರಿಗೆ ತಮ್ಮ ಮಾತು ಕೆಟ್ಟಿದೆ ಎಂಬ ಅರಿವು ಹಲವು ಸಲ ಇರುವುದೇ ಇಲ್ಲ.

ಎರಡರಲ್ಲಿ ಯಾವುದೇ ಆಗಲಿ, ದಿಢೀರನೆ ಕಾಣಿಸಿಕೊಂಡರೆ ಪಾರ್ಶ್ವವಾಯುವಿನ ಲಕ್ಷಣವಿರಬಹುದು. ಮಲಗಿ ಎದ್ದರೆ ಸರಿಹೋದೀತು ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ಪದದ ಅರ್ಥದ ಚರ್ಚೆಗೆ ಸೇರಿದ್ದಲ್ಲ, ಆದರೂ ಹೇಳದೆ ಮುಂದೆ ಹೋಗಲಾಗದು.

ನೆರೆಮನೆಯ ಪದಗಳು

ಗಾರ್ಬಲ್ ಜೊತೆ ಗೊಂದಲವಾಗುವ ಕೆಲವು ಪದಗಳಿವೆ. ಗಿಬ್ಬರಿಶ್ ಎಂದರೆ ಮೊದಲಿನಿಂದಲೂ ಅರ್ಥವಿಲ್ಲದ ಬಡಬಡಿಕೆ. ಅದರ ಹಿಂದೆ ನೆಟ್ಟಗಿದ್ದ ಮೂಲ ಇರಬೇಕಾಗಿಲ್ಲ. ಜಾನ್ಸನ್ ಅದನ್ನು ಗೆಬರ್ ಎಂದು ಯುರೋಪಿನಲ್ಲಿ ಹೆಸರಾದ ಅರಬ್ ರಸವಾದಿ ಜಾಬಿರ್‌ನ ಹೆಸರಿಗೆ ಗಂಟುಹಾಕಿದ್ದ. ಈಗ ಅದನ್ನು ಯಾರೂ ಒಪ್ಪುವುದಿಲ್ಲ, ಬಡಬಡಿಸುವ ಸದ್ದಿನ ಅನುಕರಣೆಯೇ ಪದವಾಯಿತು ಎನ್ನುತ್ತಾರೆ. ಜಾರ್ಗನ್ ಹಳೆಯ ಫ್ರೆಂಚಿನಲ್ಲಿ ಹಕ್ಕಿಗಳ ಚಿಲಿಪಿಲಿ. ಇಂದು ಕಸುಬಿನವರ ಒಳಭಾಷೆ, ಒಳಗಿನವರಿಗೆ ಪೂರ್ತಿ ಸ್ಪಷ್ಟ. ಸರ್ಕಾರಿ ಕಡತಗಳ ಉಬ್ಬಿದ ಭಾಷೆಗೆ ಹೇಳುವ ಗಾಬಲ್ಡಿಗೂಕ್ ಎಂಬುದಕ್ಕೆ ಹುಟ್ಟಿದ ವರ್ಷವೇ ಗೊತ್ತು. ಅಮೆರಿಕದ ಟೆಕ್ಸಸ್‌ನ ರಾಜಕಾರಣಿ ಮಾರಿ ಮ್ಯಾವೆರಿಕ್ 1944ರಲ್ಲಿ ತನ್ನ ಕೈಕೆಳಗಿನವರ ಬರವಣಿಗೆಯಿಂದ ರೋಸಿ, ಟರ್ಕಿ ಕೋಳಿಯ ಕೂಗನ್ನು ನೆನೆದು ಕಟ್ಟಿದ ಪದ ಅದು.

ರಿಡಲ್ ಎಂಬುದು ಬೇರೆಯೇ ಬಗೆಯದು. ಒಗಟು ಎಂಬರ್ಥದ ರಿಡಲ್ ಎಲ್ಲರಿಗೂ ಗೊತ್ತು. ಅದೇ ಕಾಗುಣಿತದ ಇನ್ನೊಂದು ರಿಡಲ್‌ಗೆ ದೊಡ್ಡ ಕಣ್ಣಿನ ಜರಡಿ ಎಂದರ್ಥ. ಎರಡಕ್ಕೂ ನಂಟಿಲ್ಲ. ಜರಡಿಯ ರಿಡಲ್ ಮಾತ್ರ ಕ್ರಿಬ್ರಮ್‌ನ ಬಳಗಕ್ಕೆ, ಅಂದರೆ ಗಾರ್ಬಲ್‌ನ ದೂರದ ಸಂಬಂಧಕ್ಕೆ ಸೇರಿದ್ದು. ಗುಂಡುಗಳಿಂದ ಮೈಯೆಲ್ಲ ‘ರಿಡಲ್ಡ್’ ಆಯಿತು ಎಂದಾಗ ಹೇಳುವುದು ಜರಡಿಯಂತೆ ತೂತಾಯಿತು ಎಂದೇ.

ಹಳೆಯ ಅರ್ಥ ಉಳಿದಿರುವ ಎರಡು ಕಡೆ

ನಿಘಂಟುಗಳು ಗಾರ್ಬಲ್‌ನ ಮೊದಲ ಅರ್ಥದ ಪಕ್ಕದಲ್ಲಿ ‘ಹಳೆಯ ಬಳಕೆ’ ಎಂದು ಗುರುತು ಹಾಕುತ್ತವೆ. ಅದು ಪೂರ್ತಿ ನಿಜವಲ್ಲ. ಫಾರ್ಮಸಿ ಓದುವ ವಿದ್ಯಾರ್ಥಿಗಳಿಗೆ ಔಷಧ ಸಸ್ಯಗಳ ಪಾಠದಲ್ಲಿ ಕೊಯ್ಲು, ಒಣಗಿಸುವುದು ಆದ ಮೇಲಿನ ಹಂತವೇ ಗಾರ್ಬ್ಲಿಂಗ್. ಬೇರು, ತೊಗಟೆ, ಎಲೆಗಳಿಂದ ಮಣ್ಣನ್ನೂ ಬೇರೆ ಗಿಡದ ಭಾಗಗಳನ್ನೂ ತೆಗೆಯುವುದಕ್ಕೆ ಇಂದಿಗೂ ಪಠ್ಯಪುಸ್ತಕದಲ್ಲಿರುವ ಹೆಸರು ಅದೇ. ಗಾರ್ಬ್ಲರ್‌ಗೆ ಔಷಧದ ಸರಕಿನ ಮೇಲೂ ಅಧಿಕಾರವಿತ್ತಲ್ಲ, ಆ ಬಳಕೆಯ ಮುಂದುವರಿಕೆ ಇದು.

ಇನ್ನೊಂದು ಕಡೆ ಯಾವುದೆಂದರೆ ಮೆಣಸು ಎಲ್ಲಿಂದ ಹೊರಟಿತೋ ಅಲ್ಲಿಯೇ. ಭಾರತದ ಆಗ್‌ಮಾರ್ಕ್ ದರ್ಜೆಗಳಲ್ಲಿ ಕಾಳುಮೆಣಸಿಗೆ ಮಲಬಾರ್ ಗಾರ್ಬಲ್ಡ್, ಮಲಬಾರ್ ಅನ್‌ಗಾರ್ಬಲ್ಡ್, ತಲಚೇರಿ ಗಾರ್ಬಲ್ಡ್ ಎಂಬ ಹೆಸರುಗಳಿವೆ. ವ್ಯಾಪಾರಿಗಳು ಎಂಜಿ-1 ಎಂದು ಚುಟುಕಾಗಿ ಹೇಳುವುದು ಮಲಬಾರ್ ಗಾರ್ಬಲ್ಡ್‌ನ ಮೊದಲ ದರ್ಜೆಯನ್ನು. ತಲಚೇರಿಯಲ್ಲಿ ಕಾಳಿನ ಗಾತ್ರಕ್ಕೂ ಲೆಕ್ಕವಿದೆ: 4 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ನಿಂತದ್ದು ತಲಚೇರಿ ಗಾರ್ಬಲ್ಡ್, 4.25ರ ಮೇಲೆ ನಿಂತದ್ದು ಎಕ್ಸ್‌ಟ್ರಾ ಬೋಲ್ಡ್, 4.75ರ ಮೇಲೆ ನಿಂತದ್ದು ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್. ಕೊಚ್ಚಿಯ ಮಾರುಕಟ್ಟೆಯ ದರಪಟ್ಟಿಯಲ್ಲಿ ಅನ್‌ಗಾರ್ಬಲ್ಡ್ ಮತ್ತು ಗಾರ್ಬಲ್ಡ್ ಎಂದು ಎರಡು ಬೇರೆ ಸಾಲುಗಳಿರುತ್ತವೆ, ಗಾರ್ಬಲ್ಡ್‌ಗೆ ಬೆಲೆ ಹೆಚ್ಚು.